ಹಲಗೆಯ ಕೆಳಗಿನ ನೆರಳು

ಕೊಳದ ಪಕ್ಕದ ಕ್ವಾರ್ಟರ್ಸ್,
ಜೂನ್ ೯, ಸೋಮವಾರ ಮಧ್ಯಾಹ್ನ

ಮುದ್ದಿನ ಚಿಕ್ಕಮ್ಮಾ,

ನಮ್ಮ ಲೇಖನ ಅಚ್ಚಾಗಿ ಬಂದಿದೆ, ಪೂರ್ತಿ ಹನ್ನೆರಡು ಪುಟ, ಹುಳುಗಳ ಚಿತ್ರ ಸಮೇತ! ನಮ್ಮ ಅಂತ ಬರೆದುಬಿಟ್ಟೆ ನೋಡು, ಬಾಯಿಗೆ ಅಭ್ಯಾಸವಾಗಿಹೋಗಿದೆ. ಇರಲಿ, ಮೊದಲು ನಿನ್ನ ವಿಷಯ. ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಬಾಟಲಿಯನ್ನು ಕಿಟಕಿಯಲ್ಲಿಟ್ಟು ಅದರ ಮುಖ ನೋಡುತ್ತಿದ್ದೀಯೋ? ಹೊಲಿಗೆ ಮಷಿನ್ ಮುಂದೆ ಒಂದೇ ಸಮನೆ ಕೂರಬೇಡ. ಚಿಕ್ಕಪ್ಪ ಈಗಲೂ ಪೇಪರ್ ಓದುತ್ತಾ ಊರಿಗೆಲ್ಲ ಬೈಯುತ್ತಾರಾ? ನಾನು ಚೆನ್ನಾಗಿದ್ದೇನೆ. ಬಿಸಿಲಿಗೆ ಎಷ್ಟು ಕಪ್ಪಾಗಿದ್ದೇನೆಂದರೆ ನೀನು ಗುರುತು ಹಿಡಿದರೆ ನನ್ನ ಪುಣ್ಯ.

ಮದುವೆಯಾದ ಎಂಟನೇ ದಿನವೇ ಇವರು ನನ್ನ ಕೈಗೆ ನೋಟ್‌ಬುಕ್ಕು, ಪೆನ್ಸಿಲ್ಲು ಕೊಟ್ಟು ಕೊಳದ ದಡದಲ್ಲಿ ಕೂರಿಸಿದರು. ಇದಕ್ಕಿಂತ ಒಳ್ಳೆಯ ಹನಿಮೂನ್ ಯಾರಿಗಿದೆ ಅಂತ ನಾನು ಕುಣಿದಾಡಿದೆ. ಎಂಎಸ್ಸಿ ಸೀಟಿಗೆ ನನಗೆ ಎರಡು ಮಾರ್ಕ್ಸ್ ಕಡಿಮೆ ಬಿದ್ದಿದ್ದು ನಿನಗೆ ಗೊತ್ತಲ್ಲ. ನನ್ನ ಹೆಸರಿರುವ ಒಂದು ಲೇಖನ ತೋರಿಸಿದರೆ ಆ ಎರಡನ್ನು ಬಿಟ್ಟುಕೊಡುತ್ತಾರೆ. "ಹಾಗಾದರೆ ಇಬ್ಬರ ಹೆಸರೂ ಹಾಕಿದರಾಯಿತು" ಅಂದವರು ಇವರೇ.

ಕೆಲಸವೇನೆಂದರೆ, ನೀರುದುಂಬಿಗಳು ಹಗಲಿನ ಯಾವ ಹೊತ್ತಿನಲ್ಲಿ ಕೊಳದ ಯಾವ ಕಡೆ ಇರುತ್ತವೆ ಅಂತ ನೋಡುವುದು. ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಮೂರು ಗಂಟೆಗೊಮ್ಮೆ ಬಲೆ. ದಡದ ಜೊಂಡಿನಲ್ಲಿ ಹತ್ತು ಸಲ, ನಡುನೀರಿನಲ್ಲಿ ಹತ್ತು ಸಲ, ತಳದ ಕೆಸರಿನಲ್ಲಿ ಹತ್ತು ಸಲ. ಸಿಕ್ಕಿದ್ದರ ಬೆನ್ನಿಗೊಂದು ಚುಕ್ಕೆ ಇಟ್ಟು ಮತ್ತೆ ನೀರಿಗೆ. ಇವರ ಬಣ್ಣ ನಿಲ್ಲಲಿಲ್ಲ, ನೀನು ಕೊಟ್ಟ ಕೆಂಪು ನೈಲ್ ಪಾಲಿಶ್ ನಿಂತಿತು. ನನ್ನ ಉಗುರಿಗೆ ಒಂದು ದಿನವೂ ಹಚ್ಚಲಿಲ್ಲ ಚಿಕ್ಕಮ್ಮಾ, ಇನ್ನೂರ ನಲವತ್ತು ದುಂಬಿಗಳು ಮದುಮಗಳಾದವು.

ಬೆಳಗ್ಗೆ ಜೊಂಡಿನ ತುಂಬ ಇರುತ್ತಿದ್ದವು. ಮಧ್ಯಾಹ್ನ ಹನ್ನೆರಡಕ್ಕೆ ಮೂರೂ ಕಡೆ ಬಲೆ ಖಾಲಿ. ಬಿಸಿಲಿಗೆ ಹೆದರಿ ಬೇರೆ ಕೊಳಕ್ಕೆ ಹಾರಿಹೋಗುತ್ತವೆ ಅಂತ ಇವರು ಬರೆದೇಬಿಟ್ಟಿದ್ದರು. ಒಂದು ದಿನ ನನ್ನ ಪೆನ್ಸಿಲ್, ಇವರು ನಿಂತು ಬಲೆ ಹಾಕುವ, ನೀರಿನ ಮೇಲೆ ಚಾಚಿದ ಮರದ ಹಲಗೆಯ ಸಂದಿಗೆ ಬಿತ್ತು. ಹೊಟ್ಟೆಯ ಮೇಲೆ ಮಲಗಿ ಇಣುಕಿದೆ. ಕೆಳಗೆ ಕೆಂಪು ಚುಕ್ಕೆಗಳ ಜಾತ್ರೆ! ಉಸಿರಿಗೆಂದು ಬಾಲ ಮೇಲೆ ಮಾಡಿ ಬರುತ್ತಿವೆ, ಮತ್ತೆ ಇಳಿಯುತ್ತಿವೆ. ಹಲಗೆಯ ನೆರಳಿಗೆ ಬಂದು ಸೇರಿದ್ದವು. ಇವರು ಕೊಳವೆಲ್ಲ ಜಾಲಾಡಿದ್ದರು, ತಮ್ಮ ಕಾಲಿನ ಕೆಳಗೆ ಮಾತ್ರ ಬಲೆ ಹಾಕಿರಲಿಲ್ಲ.

"ಪೆದ್ದಿ, ಕಣ್ಣಿಗೆ ಬಿಸಿಲು ಹೊಡೆದಿದೆ" ಅಂತ ನಕ್ಕರು. ಆಮೇಲೆ ತಾವೂ ಮಲಗಿ ನೋಡಿದರು. ಎದ್ದವರೇ ನನ್ನನ್ನು ಎತ್ತಿ ತಿರುಗಿಸಿದರು, ಇಬ್ಬರೂ ನೀರಿಗೆ ಬೀಳುವುದೊಂದು ಬಾಕಿ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಅಲ್ಲಿಂದ ಮುಂದೆ ಇಪ್ಪತ್ತಾರು ಮಧ್ಯಾಹ್ನ ಆ ಕಾದ ಹಲಗೆಯ ಮೇಲೆ ಮಲಗಿ ಎಣಿಸಿದ್ದು ನಾನು. ಮೊಣಕೈಯಲ್ಲಿ ಇನ್ನೂ ಕಲೆ ಇದೆ.

ಲೇಖನ ಮೊನ್ನೆ ಬಂತು. "ಲೇಖಕನು ಹಲಗೆಯ ಸಂದಿನಲ್ಲಿ ಇಣುಕಿದಾಗ" ಅಂತ ಇದೆ. ಹೆಸರು ಒಂದೇ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ, ದಡದಲ್ಲಿ ತಾಳ್ಮೆಯಿಂದ ಚಹಾ ಒದಗಿಸಿದ ಪತ್ನಿಗೆ ಕೃತಜ್ಞತೆ. ಚಹಾ ಮಾಡುತ್ತಿದ್ದವರು ಇವರು, ನಾನು ಎಣಿಸುತ್ತಿದ್ದೆ. ಕೇಳಿದೆ. "ಗಂಡ ಹೆಂಡತಿ ಬೇರೆ ಬೇರೆನಾ? ನನ್ನ ಹೆಸರಿದ್ದರೆ ನಿನ್ನದೂ ಇದ್ದ ಹಾಗೆ" ಅಂದರು. ಮುಂದಿನ ವರ್ಷ ಇನ್ನೊಂದು ಕೊಳ ಇದೆಯಂತೆ, ಅದಕ್ಕೆ ಹಾಕುತ್ತಾರಂತೆ. ಬೈದಿದ್ದರೆ ಸುಲಭವಾಗುತ್ತಿತ್ತು. ತಲೆ ಸವರಿದರು.

ಹುಡುಗ ಬಂಗಾರ ಅಂದಿದ್ದೆ ನೀನು. ಸುಳ್ಳಲ್ಲ. ದನಿ ಏರಿಸುವುದಿಲ್ಲ, ಪಾತ್ರೆ ತೊಳೆಯುತ್ತಾರೆ, ನೆಗಡಿಯಾದರೆ ಕಷಾಯ ಕಾಯಿಸಿ ಕೊಡುತ್ತಾರೆ. ಪಕ್ಕದ ಮನೆಯವರಿಗೆಲ್ಲ ಲೇಖನ ತೋರಿಸಿ, "ಇವಳು ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ" ಅಂತ ಹೊಗಳುತ್ತಾರೆ. ಬಾಯಲ್ಲಿ ಅಷ್ಟು ಧಾರಾಳ, ಹಾಳೆಯ ಮೇಲೆ ಒಂದು ಸಾಲಿಗೆ ಜಾಗವಿಲ್ಲ. ಆ ಹೊಗಳಿಕೆ ಕೇಳಿ ನಾನು ನಗುತ್ತಾ ನಿಂತಿರುತ್ತೇನಲ್ಲ, ಅದಕ್ಕೇ ಮೈ ಉರಿಯುತ್ತದೆ.

ಚಿಕ್ಕಪ್ಪನಿಗೆ ನಮಸ್ಕಾರ, ನಿನಗೆ ಎರಡು ಕೆನ್ನೆಗೂ ಮುತ್ತು.

ನಿನ್ನ ಬಾಯಿಬಡುಕಿ

ತಾ.ಕ.: ಅಂಚೆಯವನು ಬಂದುಬಿಟ್ಟ, ಬೇಗ ಹೇಳುತ್ತೇನೆ. ಶುಕ್ರವಾರ ಸೀಟಿನ ಸಂದರ್ಶನ. ಎಣಿಕೆಯ ನಾಲ್ಕೂ ನೋಟ್‌ಬುಕ್ಕು ನನ್ನ ಕೈಬರಹದಲ್ಲಿವೆ, ತಾರೀಖು, ಗಂಟೆ ಸಮೇತ. ಲೇಖನದ ಪಕ್ಕದಲ್ಲಿಟ್ಟು ತೋರಿಸುತ್ತೇನೆ. ಇವರ ಮಾನ ಹೋಗುತ್ತದೆ ಅಂತ ಗೊತ್ತು, ಇವರಿಗೂ ಹೇಳಿದ್ದೇನೆ. ತಿರುಗಿ ಯಾವಾಗ ಬರುತ್ತೀ ಅಂದರು. ಆ ಟಿಕೆಟ್ ತೆಗೆಸಿಲ್ಲ. ಗುರುವಾರ ಬೆಳಗ್ಗೆ ಎಂಟೂವರೆಯ ಪ್ಯಾಸೆಂಜರ್, ಒಬ್ಬಳೇ.