ಜಾನ್ ಬರೆಯದೆ ಬಿಟ್ಟ ಹತ್ತು ವರ್ಷ

ವೇಣೂರು,
9 ಜನವರಿ 2025

ಪ್ರೀತಿಯ ಶುಭಶ್ರೀ,

ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿಂದ ಬೆಳ್ತಂಗಡಿಗೆ ಒಂದು ಬಸ್ಸಿನ ದಾರಿ; ಕಾಗದ ಬರೆಯಲು ನನಗೆ ಹನ್ನೊಂದು ವರ್ಷ ಬೇಕಾಯಿತು. ಕ್ಷಮಿಸು. ಫೋನ್ ಮಾಡೋಣವೆಂದರೆ ನೀನು "ಯಾರು?" ಎಂದು ಕೇಳಿಬಿಟ್ಟರೆ ಎಂಬ ಹೆದರಿಕೆ.

ಕಾಲೇಜಿಗೆ ಐವತ್ತು ತುಂಬಿತು. ಸ್ಮರಣ ಸಂಚಿಕೆಗೆ ಕಾಲೇಜಿನ ಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಹಿಸ್ಟರಿಯವಳಲ್ಲವೇ, ಸಿಕ್ಕಿಬಿದ್ದೆ. ನೀನು ಕಾಲೇಜು ಬಿಟ್ಟ ವರ್ಷಕ್ಕೆ ಬರುತ್ತಲೇ ಪೆನ್ನು ನಿಂತಿತು. ಬೀರುವಿನಿಂದ ಪ್ರಶ್ನೆಪತ್ರಿಕೆ ಹೊರಗೆ ಹೋದದ್ದು, ಕೀ ನಿನ್ನ ಜವಾಬ್ದಾರಿಯಾದ್ದರಿಂದ ಆರೋಪ ನಿನ್ನ ಮೇಲೆ ಬಂದದ್ದು, ನಿನ್ನನ್ನು ಕಳಿಸಿದ್ದು. "ಅದೆಲ್ಲ ಈಗ ಯಾಕೆ ಮೇಡಂ? ಸ್ವಂತ ಇಚ್ಛೆಯಿಂದ ಬಿಟ್ರು ಅಂತ ಹಾಕುವ," ಎಂದರು ಪ್ರಿನ್ಸಿಪಾಲರು. ಹಾಗೆಯೇ ಬರೆದೆ.

ಅದೇ ವಾರ ತರಗತಿಯಲ್ಲಿ ಚರಿತ್ರೆಯ ಆಕರಗಳ ಪಾಠ. ಬಿಕ್ಲಾರೋದ ಜಾನ್ ಎಂಬವನ ಬಗ್ಗೆ ಹೇಳುತ್ತಿದ್ದೆ. ಆರನೇ ಶತಮಾನದಲ್ಲಿ ಸ್ಪೇನಿನ ವಿಸಿಗೋಥರ ರಾಜ್ಯದ ಸಂಗತಿಗಳನ್ನು ವರ್ಷವಾರು ಬರೆದಿಟ್ಟ ಸನ್ಯಾಸಿ. ರಾಜನ ಮತಕ್ಕೆ ಒಪ್ಪದ್ದಕ್ಕೆ ಹತ್ತು ವರ್ಷ ಗಡೀಪಾರಾದವನು. ಆದರೆ ಅವನು ಬರೆದದ್ದರಲ್ಲಿ ರಾಜನ ಗೆಲುವುಗಳಿವೆ, ತನ್ನ ಗಡೀಪಾರಿನ ಒಂದಕ್ಷರವಿಲ್ಲ. ಅದು ನಮಗೆ ಗೊತ್ತಾದದ್ದು ಬಿಷಪ್ ಒಬ್ಬ ಬರೆದಿಟ್ಟದ್ದರಿಂದ.

ಫಾಯಿಝಾ ಎಂಬ ವಿದ್ಯಾರ್ಥಿನಿ ಎದ್ದು ಕೇಳಿದಳು, "ಆ ಬಿಷಪ್ ಸಹ ಬರೆಯದಿದ್ರೆ ಮೇಡಂ?"

"ನಡೀಲೇ ಇಲ್ಲ ಅಂತ ಆಗ್ತಿತ್ತು," ಎಂದೆ.

ಸ್ಟಾಫ್ ರೂಮಿನಲ್ಲಿ ಈಗಲೂ ಬುತ್ತಿ ಒಬ್ಬಳೇ ಬಿಚ್ಚುತ್ತೇನೆ. ಹೊಸಬರು ಒಳ್ಳೆಯವರೇ, "ಬನ್ನಿ ಮೇಡಂ, ಒಟ್ಟಿಗೆ ಕೂತುಕೊಳ್ಳುವ" ಎನ್ನುತ್ತಾರೆ. ನನಗೇ ಮನಸ್ಸಾಗುವುದಿಲ್ಲ. ನೀನಿಲ್ಲದೆ ಬಹಳ ಒಂಟಿಯಾಗಿದ್ದೇನೆ, ಶುಭಾ.

ಪುಟ ಇನ್ನೂ ಪ್ರೆಸ್ಸಿಗೆ ಹೋಗಿಲ್ಲ. ನಿನ್ನೆ ಆ 'ಸ್ವಂತ ಇಚ್ಛೆ'ಯ ವಾಕ್ಯ ಹೊಡೆದುಹಾಕಿ, 'ತಪ್ಪು ಅವರದಾಗಿರಲಿಲ್ಲ' ಎಂದು ಬರೆದುಕೊಟ್ಟೆ. "ಇದಕ್ಕೆ ಆಧಾರ ಎಂತ ಉಂಟು?" ಎಂದು ಪ್ರಿನ್ಸಿಪಾಲರು ಕೇಳಿದ್ದಾರೆ. ಸೋಮವಾರ ಉತ್ತರ ಕೊಡಬೇಕು.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಮಕ್ಕಳಿಗೆ ಒಳ್ಳೆಯದಾಗಲಿ.

ನಿನ್ನ,
ಶ್ರೀಮತಿ

ಮರೆತ ಮಾತು: ಆಧಾರ ನಾನೇ. ಪ್ರಶ್ನೆಪತ್ರಿಕೆ ಹೋದ ಆ ಸಂಜೆ ನೀನು ಕೀ ನನ್ನ ಕೈಗೆ ಕೊಟ್ಟು ಹೋಗಿದ್ದೆ. ನಮ್ಮ ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಮನೆಗೆ ಬರುವ ವೇಣೂರಿನ ಬಸ್ಸು ತಪ್ಪಿದರೆ ಉಪವಾಸ. ಬೀರುವಿಗೆ ಬೀಗ ಹಾಕದೆ ಓಡಿದೆ. ಮರುದಿನ ನೀನು ಒಂದೇ ಸಲ ಕೇಳಿದೆ, "ಬೀಗ ಹಾಕಿದ್ದಿ ಅಲ್ವಾ?" ಹಾಕಿದ್ದೇನೆ ಎಂದೆ. ನೀನು ನಂಬಿದೆ.