ಪತ್ತೇದಾರನ ಕೆಮ್ಮು

ಅಪ್ಪಾ,

ನೀನು ಹೋದಮೇಲೆ ಕೆಟ್ಟು ನಿಂತಿದ್ದ, ಉಕ್ಕಿನ ಗುಂಡು ಚಿಮ್ಮಿಸಿ ಆಡುವ ಪಿನ್‌ಬಾಲ್ ಯಂತ್ರ ಇವತ್ತು ರಿಪೇರಿಯಾಗಿ ಬಂತು. ಹಳೆಯ ಟಿವಿ ಧಾರಾವಾಹಿಯ ಆ ಪತ್ತೇದಾರ ಅದರ ಗಾಜಿನ ಮೇಲಿನ ಚಿತ್ರದಲ್ಲಿ ಈಗಲೂ ಮೀಸೆ ತಿರುವುತ್ತಿದ್ದಾನೆ. ಹಿಂದೆ ಯಂತ್ರದೊಳಗಿನ ಅವನ ಮಾತು ನಿಂತುಹೋದಾಗ ನೀನು ನಿನ್ನ ದನಿಯನ್ನೇ ರೆಕಾರ್ಡ್ ಮಾಡಿ ತುಂಬಿಸಿದ್ದೆ. ಗುಂಡು ಜಾರಿ ಬಿದ್ದಾಗಲೆಲ್ಲ, "ಅಯ್ಯೋ ಪೆದ್ದೀ, ಮತ್ತೆ ಬಿಟ್ಯಾ?" ಎಂದು ಕೆಮ್ಮುತ್ತ ಬೈಯುತ್ತಿದ್ದೆ.

ನಾನು ಬರೀ ಸ್ಪ್ರಿಂಗ್ ಬದಲಿಸಲು ಹೇಳಿದ್ದೆ.

"ಒಳಗೆ ಯಾರೋ ಮುದುಕ ಕೆಮ್ತಿದ್ದ ಅಕ್ಕಾ. ಅಳಿಸಿ, ಅಸಲಿ ದನೀನೇ ಹಾಕಿದೀನಿ," ಎಂದ ಮೆಕ್ಯಾನಿಕ್, ಹೆಮ್ಮೆಯಿಂದ.

"ಚೆನ್ನಾಗಿದೆ," ಎಂದೆ ನಾನು.

ಅವನು ಹೋದಮೇಲೆ ಬೇಕೆಂದೇ ಗುಂಡನ್ನು ಬೀಳಲು ಬಿಟ್ಟೆ. "ಆಟ ಮುಗಿಯಿತು," ಎಂದ ಪತ್ತೇದಾರ, ಗಂಭೀರವಾಗಿ. ಮತ್ತೆ ಬಿಟ್ಟೆ. "ಆಟ ಮುಗಿಯಿತು."

ಅವನ ಗಂಟಲು ಬಹಳ ಚೆನ್ನಾಗಿದೆ, ಅಪ್ಪಾ. ಒಂದು ಸಲವೂ ಕೆಮ್ಮಲಿಲ್ಲ.