ಗೋಡೆಯತ್ತ ಮುಖ

ವೆಸ್ಟ್ ಮಾಂಬಲಂ,
ಮಂಗಳವಾರ

ಧಣಿಗಳಿಗೆ ನಮಸ್ಕಾರ.

ಗುರುವಾರದ ಏಕಾಗ್ರತೆ ತರಬೇತಿಗೆ ಬರಲೇಬೇಕೆಂದು ಮೆನೇಜರ್ ಫೋನು ಮಾಡಿದ್ದರು.

ಇಪ್ಪತ್ತು ವರ್ಷ ನಿಮ್ಮ ಹೋಟೆಲಿನಲ್ಲಿ ಗೋಡೆಗೆ ಮುಖ ಮಾಡಿ ದೋಸೆ ಹೊಯ್ದೆ. ಹಿಟ್ಟಿನ ಪಾತ್ರೆಯ ತಳ ಕಂಡಾಗಲೇ ಹೊತ್ತು ಹೋದದ್ದು ತಿಳಿಯುತ್ತಿತ್ತು. ಗಿರಾಕಿಗಳು ವಿಡಿಯೊ ತೆಗೆಯಲಿ ಎಂದು ನೀವು ಕಾವಲಿಯನ್ನು ಬೀದಿಯ ಕಡೆ ತಿರುಗಿಸಿದಿರಿ. ನಾನು ಬೇಡವೆಂದರೆ, "ಸ್ವಲ್ಪ ನಗಾಡು ಮಾರಾಯ" ಎಂದಿರಿ. ಮೊನ್ನೆ ಭಾನುವಾರ ಯಾರೋ "ಮಾಸ್ಟರ್, ಇಂಗೆ ಪಾರುಂಗ", ಇಲ್ಲಿ ನೋಡಿ ಎಂದು ತಮಿಳಿನಲ್ಲಿ ಕರೆದು ಮೊಬೈಲು ಎತ್ತಿದರು. ಅತ್ತ ನೋಡಿ ನಕ್ಕೆ. ಬಲ ಅಂಗೈ ಕಾವಲಿಯ ಮೇಲಿತ್ತು.

ಕಾವಲಿಯನ್ನು ಮೊದಲಿನಂತೆ ಗೋಡೆಯತ್ತ ತಿರುಗಿಸಿಡಿ. ತರಬೇತಿಗೂ ಬರುತ್ತೇನೆ. ಹಾಜರಿ ಪುಸ್ತಕದಲ್ಲಿ ಸಹಿ ಮಾತ್ರ ಕೇಳಬೇಡಿ. ಈ ಪತ್ರವನ್ನೂ ನನ್ನ ಹೆಂಡತಿ ಸರಸಳೇ ಬರೆದಿದ್ದಾಳೆ.

ಇತಿ,
ನಿಮ್ಮ ದೋಸೆ ಮಾಸ್ಟರ್
ಕೃಷ್ಣರಾಜ